ಮೂವತ್ತು ಚಿತ್ರಗಳ ಅಂಚು

ಸಾಸಿವೆಯ ಬಾಡಿಗೆ ಕೋಣೆ, ಮೂರನೇ ಮಹಡಿ
ಮಂಗಳವಾರ, ಮೇ ೧೪

ನನ್ನ ಮುಂಗೋಪಿ ಮಗನಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯೋ? ಬೆನ್ನುನೋವು ಕಡಿಮೆಯಾಯಿತಾ? ಬಿಸಿನೀರಿನ ಚೀಲ ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿದೆ, ಹುಡುಕುತ್ತೇನೆಂದು ಮನೆ ತಲೆಕೆಳಗು ಮಾಡಬೇಡ. ಬಿ.ಪಿ. ಮಾತ್ರೆಯನ್ನು "ಒಂದು ದಿನ ಬಿಟ್ಟರೆ ಏನಾಗುತ್ತೆ" ಅಂತ ಬಿಡುವವನು ನೀನು, ಅದಕ್ಕೇ ಡಬ್ಬಿಯನ್ನು ಸೊಸೆಯ ಕೈಗೆ ಒಪ್ಪಿಸಿ ಬಂದಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೂರು ಮಹಡಿ ಹತ್ತುವಾಗ ನಿನ್ನ ಹಾಗೇ ಗೊಣಗುತ್ತದೆ. ಫೋನು ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ಹತ್ತು ಆಡಿರುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲಾಗುವುದಿಲ್ಲ.

ನೀನು ನನ್ನನ್ನು ನಿನ್ನ ಮಗಳು ಸಾಸಿವೆಯ ಹತ್ತಿರ ಕಳಿಸಿದ್ದು ಯಾಕೆಂದು ಮರೆತಿಲ್ಲ. "ಅಮ್ಮಾ, ನಿನ್ನ ಮಾತಾದರೆ ಕೇಳ್ತಾಳೆ. ಪ್ರದರ್ಶನ ಮುಗಿದ ಕೂಡಲೇ ಗಂಟುಮೂಟೆ ಕಟ್ಟಿಸಿ ಕರಕೊಂಡು ಬಾ, ಒಂದನೇ ತಾರೀಖಿಗೆ ನಮ್ಮ ಆಫೀಸಿನಲ್ಲಿ ಕೂರಬೇಕು" ಅಂದೆ. "ಚಿತ್ರ ಬರೆದರೆ ಹೊಟ್ಟೆ ತುಂಬುತ್ತಾ" ಅಂತ ನೀನು ಕೇಳಿದಾಗ ನಾನೂ ಹೌದೌದು ಅಂತ ತಲೆಯಾಡಿಸಿದವಳೇ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇಲ್ಲಿ ಕಂಡದ್ದನ್ನು ಹೇಳಬೇಕು, ಹೇಳದೆ ನನಗೆ ತುತ್ತು ಇಳಿಯುತ್ತಿಲ್ಲ.

ಇವಳ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮಂಚದ ಕೆಳಗೆ ಚೌಕಟ್ಟು, ಕಪಾಟಿನಲ್ಲಿ ಬಟ್ಟೆಯ ಬದಲು ಬಣ್ಣದ ಡಬ್ಬಿ, ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಚಿತ್ರಗಳು. ಕೊನೇ ವರ್ಷದ ಮಕ್ಕಳೆಲ್ಲ ಕಾಲೇಜಿನ ದೊಡ್ಡ ಹಾಲಿನಲ್ಲಿ ಪ್ರದರ್ಶನ ಇಡಬೇಕಂತೆ, ಬಾಗಿಲ ಪಕ್ಕ ತಮ್ಮದೇ ಒಂದು ಅಂಗಡಿಯನ್ನೂ ನಡೆಸಬೇಕಂತೆ. ಎರಡಕ್ಕೂ ಮಾರ್ಕುಂಟು. ಗೋಡೆಗೆ ಇವಳು ಮಾಡಿರುವುದು ಒಂದು ಮಕ್ಕಳ ಪುಸ್ತಕದ ಚಿತ್ರಗಳು. ಒಂದು ಕಟ್ಟಡ, ಅದರ ಮೆಟ್ಟಿಲು, ಹತ್ತಿಳಿಯುವ ಜನ, ಇಷ್ಟೇ ಕಥೆ. ಸೋಫಾ ಹೊತ್ತ ಇಬ್ಬರು ತಿರುವಿನಲ್ಲಿ ಸಿಕ್ಕಿಕೊಂಡು, ತಪ್ಪು ನಿಂದು ಅಂತ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಿದ್ದಾರೆ. ಒಬ್ಬ ಮುದುಕಿ ದಮ್ಮು ಹತ್ತಿದ್ದು ಯಾರಿಗೂ ತಿಳಿಯದಿರಲೆಂದು ಕಿಟಕಿ ನೋಡುವ ನಾಟಕ ಮಾಡುತ್ತಿದ್ದಾಳೆ, ಅವಳು ಯಾರೆಂದು ನಾನು ಕೇಳಲಿಲ್ಲ. ಒಂದೊಂದರ ಮುಂದೆಯೂ ಬಿಟ್ಟ ಕಣ್ಣು ಬಿಟ್ಟಂತೆ ನಿಂತೆ. ಆ ಕೈಗೆ ಚಮಚ ಹಿಡಿಯಲು ಕಲಿಸಿದವಳು ನಾನು. ಇಷ್ಟೆಲ್ಲ ಅದು ಯಾವಾಗ ಕಲಿಯಿತೋ ನನಗೆ ಗೊತ್ತೇ ಆಗಲಿಲ್ಲ ಕಣೋ.

ಅಂಗಡಿಗೆ ಮಾಡಿದ್ದು ಒಂದೇ ಚಿತ್ರದ ಮೂವತ್ತು ಪ್ರತಿ. ಯಾರ ಚಿತ್ರ ಅಂತೀಯ? ನಿನ್ನದೇ. ಎಲ್ಲರೂ ಹೊರಗೆ ಹೊರಟಾಗ ನೀನು ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೀಯಲ್ಲ, ಅದು. ಮುಚ್ಚಿದ ಬಾಗಿಲ ಮುಂದೆ ನೀನು ನಿಂತಿದ್ದೀಯ, ಒಂದು ಬೀಗ, ಅದರ ಮೇಲೆ ಮೂರು ಕೈ, ಮೂರೂ ನಿನ್ನವೇ. ನಗೋಣವೆಂದು ಹೋದೆ, ನಗಲಾಗಲಿಲ್ಲ. ನಿನ್ನ ಮುಖದ ಆ ಕಳವಳ ಹೆತ್ತ ನನಗಿಂತ ಚೆನ್ನಾಗಿ ಇವಳಿಗೆ ಕಂಡಿದೆ. ಮಾಡುವ ರೀತಿ ಕೇಳಿದರಂತೂ ಮೂಗಿನ ಮೇಲೆ ಬೆರಳಿಡುತ್ತೀಯ. ನೆಲಕ್ಕೆ ಹಾಸುತ್ತಾರಲ್ಲ, ಅಂಥದೊಂದು ಮೆತ್ತನೆಯ ಹಾಳೆ. ಅದನ್ನು ಉಳಿಯಿಂದ ಕೆತ್ತಿ, ಹಳದಿ ಬಳಿದು ಮೂವತ್ತು ಕಾಗದಕ್ಕೂ ಒತ್ತುತ್ತಾಳೆ. ಅದೇ ಹಾಳೆಯನ್ನು ಇನ್ನಷ್ಟು ಕೆತ್ತಿ ಅದರ ಮೇಲೆ ಹಸಿರು, ಇನ್ನೂ ಕೆತ್ತಿ ಕಪ್ಪು. ಕೊನೆಗೆ ಹಾಳೆಯಲ್ಲಿ ನಾಲ್ಕು ಗೆರೆ ಉಳಿದಿರುತ್ತದೆ ಅಷ್ಟೇ. ಮೂವತ್ತೊಂದನೆಯದು ಬೇಕೆಂದರೆ ಬ್ರಹ್ಮ ಬಂದರೂ ಆಗದು. ಆರು ವಾರ ಹಿಡಿಯಿತಂತೆ.

ಈಗ ನನ್ನ ಘನಕಾರ್ಯ ಕೇಳು. ಕಳೆದ ಗುರುವಾರ ಮಧ್ಯಾಹ್ನ ಇವಳು ಅಂಗಡಿಯ ಮೇಜು ನೋಡಲು ಕಾಲೇಜಿಗೆ ಹೋಗಿದ್ದಳು. ಮೂವತ್ತೂ ಚಿತ್ರ ನನ್ನ ಕಣ್ಣೆದುರೇ ಇದ್ದವು. ಕೈಯಲ್ಲಿ ಮಾಡಿದ ದಪ್ಪ ಕಾಗದ, ಚಿತ್ರದ ಸುತ್ತ ನಾಲ್ಕು ಬೆರಳು ಬಿಳಿ ಜಾಗ, ಅಂಚೆಲ್ಲ ಇಲಿ ಕಡಿದಂತೆ ಎಳೆ ಎಳೆ. ಐವತ್ತು ವರ್ಷ ಟೈಲರಿಂಗ್ ಮಾಡಿದವಳಿಗೆ ಅದನ್ನು ಸಹಿಸಲಾಗುತ್ತದಾ ಹೇಳು. ಪಾಪ, ಮಗುವಿಗೆ ಪುರಸೊತ್ತಿಲ್ಲ, ನಾನಾದರೂ ನೀಟು ಮಾಡಿಡೋಣ ಅಂತ ನನ್ನ ದೊಡ್ಡ ಕತ್ತರಿ ತೆಗೆದೆ. ಮೊದಲು ಎಲ್ಲದರ ಬುಡ, ಆಮೇಲೆ ಪಕ್ಕ, ಅದು ನಮ್ಮ ಕಸುಬಿನ ಕ್ರಮ. ಸ್ಕೇಲಿಟ್ಟು ಗೆರೆ ಎಳೆದು, ಚಿತ್ರದ ಬುಡಕ್ಕೆ ಸರಿಯಾಗಿ ಕತ್ತರಿಸುತ್ತಾ ಹೋದೆ. ಆ ಬಿಳಿ ಜಾಗದಲ್ಲಿ ಪೆನ್ಸಿಲಿನಲ್ಲಿ ಏನೋ ಗೀಚಿತ್ತು. ನಾವು ಬಟ್ಟೆಯ ಮೇಲೆ ಚಾಕಿನಲ್ಲಿ ಬರೆದುಕೊಳ್ಳುತ್ತೇವಲ್ಲ, ಅಂಥ ಅಳತೆ ಇರಬೇಕು ಅಂದುಕೊಂಡೆ. ಅದು ಇವಳ ಸಹಿ. ಪಕ್ಕದಲ್ಲಿದ್ದದ್ದು, ಮೂವತ್ತರಲ್ಲಿ ಇದು ಎಷ್ಟನೆಯದು ಎಂಬ ಸಂಖ್ಯೆ. ಅವೆರಡೂ ಇಲ್ಲದಿದ್ದರೆ ಅದನ್ನು ಅಂಗಡಿಯಲ್ಲಿ ಇಡುವಂತೆಯೇ ಇಲ್ಲವಂತೆ.

ಇಪ್ಪತ್ತೆರಡು ಮುಗಿಸಿದ್ದೆ, ಇವಳು ಬಂದಳು. ಕೂಗಲಿಲ್ಲ, ಅಳಲಿಲ್ಲ. ನೆಲದ ಮೇಲೆ ಕುಕ್ಕರಿಸಿ, "ಅಜ್ಜಿ, ಇದನ್ನ ಮತ್ತೆ ಒತ್ತೋಕಾಗಲ್ಲ" ಅಂದಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದೆ. ನಿನ್ನ ಹತ್ತಿರ ಮುಚ್ಚುಮರೆ ಏನು, ಮನಸ್ಸಿನ ಒಂದು ಮೂಲೆಯಲ್ಲಿ, ಹೋಗಲಿ, ಇನ್ನು ತೆಪ್ಪಗೆ ಮನೆಗೆ ಬರುತ್ತಾಳೆ ಅಂತಲೂ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯಾಗಿ ಇವಳ ಮುಖ ನೋಡಲಾಗಲಿಲ್ಲ.

ಕತ್ತರಿಸಿದ ಚೂರು ಎಸೆಯುವ ಜಾಯಮಾನ ನನ್ನದಲ್ಲವಲ್ಲ, ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಿದ್ದೆ. ಇವಳು ಅವನ್ನೇ ನೋಡುತ್ತಾ ಕೂತಳು. ಆಮೇಲೆ ಇದ್ದಕ್ಕಿದ್ದಂತೆ, "ಅಜ್ಜಿ, ಕಾಗದ ಹೊಲಿಯೋಕೆ ಬರುತ್ತಾ" ಅಂದಳು. ನನ್ನ ಜನ್ಮದಲ್ಲಿ ಹೊಲಿದವಳಲ್ಲ, ಆದರೂ ಬರುತ್ತೆ ಅಂದೆ. ಕೆಳಗಿನ ಮನೆಯಾಕೆಯ ಮೆಷಿನ್ ಕೇಳಿ ತಂದೆವು. ಸಣ್ಣ ಸೂಜಿ, ಉದ್ದನೆಯ ಹೊಲಿಗೆ, ಕೆಂಪು ನೂಲು. ಬಟ್ಟೆಯ ಹಾಗೆ ಬಿಚ್ಚಿ ಹೊಲಿಯುವ ಮಾತಿಲ್ಲ, ಕಾಗದಕ್ಕೆ ತೂತು ಬಿದ್ದರೆ ಬಿತ್ತು. ಉಸಿರು ಬಿಗಿಹಿಡಿದು ಒಂದರ ಬುಡಕ್ಕೆ ಅದರ ಪಟ್ಟಿಯನ್ನು ಕೂಡಿಸಿದೆ. ಎತ್ತಿ ಹಿಡಿದರೆ, ನೀನು ನಿಂತ ಕಾಲಡಿಯಲ್ಲಿ ಕೆಂಪು ಗೆರೆ. ಮನೆಗೆ ಹೊಸ್ತಿಲು ಬಂದಿತ್ತು. ಅಲ್ಲಿಯತನಕ ಆ ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ ಅನ್ನುವುದು ನಮಗಿಬ್ಬರಿಗೂ ಆಗಲೇ ಹೊಳೆದದ್ದು. ಇವಳು ಎದ್ದು, ನಾನು ಮುಟ್ಟದೆ ಉಳಿಸಿದ್ದ ಎಂಟು ಚಿತ್ರ ತಂದು ಮುಂದಿಟ್ಟು, ಕತ್ತರಿಯನ್ನು ತಾನೇ ನನ್ನ ಕೈಗೆ ಕೊಟ್ಟಳು. "ಇವನ್ನೂ ಕತ್ತರಿಸು" ಅಂದಳು. ಕೆಡದೆ ಉಳಿದದ್ದನ್ನು ಹಾಗೆ ಕೊಡಲು ಎಂಥ ಎದೆ ಬೇಕು. ಆ ಧೈರ್ಯ ಯಾರಿಂದ ಬಂತೋ ಕಾಣೆ, ನಿನಗಂತೂ ಇಲ್ಲ, ನನಗೂ ಇಲ್ಲ.

ನಿನ್ನೆ ಇವಳ ಮೇಡಂ ಬಂದು ಹೊಲಿಗೆಯ ಮೇಲೆ ಬೆರಳಾಡಿಸಿ, ಇದು ಯಾರ ಕೈ ಅಂತ ಕೇಳಿದರು. ಅಂಗಡಿಯ ಜೊತೆಗೆ ಗೋಡೆಗೂ ಒಂದು ಹಾಕು ಅಂದರು. ಅವರು ಹೋದ ಮೇಲೆ ಸಾಸಿವೆ ನನ್ನ ಕೈಗೆ ಪೆನ್ಸಿಲ್ ಕೊಟ್ಟು, ತನ್ನ ಸಹಿಯ ಪಕ್ಕ ನನ್ನದೂ ಹಾಕಬೇಕೆಂದಳು. ಎಷ್ಟು ಮದುವೆಯ ಬಟ್ಟೆ, ಎಷ್ಟು ಶಾಲೆಯ ಯೂನಿಫಾರಂ ಹೊಲಿದಿದ್ದೇನೋ, ಒಂದರ ಮೇಲೂ ನನ್ನ ಹೆಸರಿಲ್ಲ. ಹೊಲಿದವರ ಹೆಸರು ಯಾರಿಗೆ ಬೇಕು ಅಂತಲೇ ಬದುಕಿದವಳು ನಾನು. ಮೂವತ್ತು ಸಲ ಬರೆದೆ. ಮೊದಲ ನಾಲ್ಕು ಸೊಟ್ಟಗಾಗಿವೆ, ಉಳಿದವು ಪರವಾಗಿಲ್ಲ.

ಸೊಸೆಗೆ ನನ್ನ ಪ್ರೀತಿ ಹೇಳು. ಅವಳ ಮೇಲೆ ರೇಗಬೇಡ. ನಿನಗೆ ಆಯಸ್ಸು, ಆರೋಗ್ಯ, ಅದರ ಜೊತೆ ಒಂದು ಹಿಡಿ ತಾಳ್ಮೆಯನ್ನೂ ಹರಸುತ್ತಾ,

ನಿನ್ನ ಅಮ್ಮ

ತಾ.ಕ.: ಪ್ರದರ್ಶನ ಈ ಶನಿವಾರವಲ್ಲ, ಮುಂದಿನ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ಆಫೀಸಿನ ಆ ಕೆಲಸವನ್ನು ಬೇರೆ ಯಾರಿಗಾದರೂ ಕೊಡಲು ಹೇಳು, ಸಾಸಿವೆ ಬರುವುದಿಲ್ಲ. ಕರೆತರಲು ಬಂದ ನಾನೂ ಸದ್ಯಕ್ಕೆ ಬರುವುದಿಲ್ಲ. ಮೆಟ್ಟಿಲ ಪುಸ್ತಕವನ್ನು ಪೂರ್ತಿ ಹೀಗೇ ಹೊಲಿದು ಮಾಡುತ್ತಾಳಂತೆ, ಅದಕ್ಕೆ ನಾನು ಬೇಕಂತೆ. ಎಂಟು ಚಿತ್ರ ಕತ್ತರಿಸಲು ಕೊಟ್ಟವಳಿಗೆ ನಿನಗೊಂದು ಫೋನು ಮಾಡಿ ಬಾ ಅನ್ನಲು ಧೈರ್ಯವಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಕೆಳಗಿನ ಮನೆಯಾಕೆಯ ಮೆಷಿನ್ ಮೂವತ್ತು ಮುಗಿಸಿದ ಮೇಲೆ ಈಗ ನಾಲ್ಕು ಹೊಲಿಗೆಗೊಮ್ಮೆ ತಪ್ಪುತ್ತಿದೆ. ನನ್ನ ಕೈಮೆಷಿನ್ ಬೇಕು. ಪಾರ್ಸೆಲಿಗೆ ಹಾಕಬೇಡ, ಅವರು ಎತ್ತಿ ಒಗೆಯುತ್ತಾರೆ. ಪ್ರದರ್ಶನದ ಆ ಶನಿವಾರದೊಳಗೆ ನೀನೇ ಹೊತ್ತುಕೊಂಡು ಬಾ.