ಮಾತು ನಿಂತ ಮೂರು ವಾರ

ಸೋಮವಾರ, ಬೆಳಗ್ಗೆ ಹತ್ತು ಗಂಟೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಲಕೋಟೆಯ ಮೇಲೆ ನನ್ನ ಅಕ್ಷರ ಕಂಡು ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ನಿನಗೆ ನಾನು ಕೊನೆಯ ಸಲ ಕಾಗದ ಬರೆದದ್ದು ನೀನು ಮದುವೆಯಾಗಿ ಹೋದ ವರ್ಷವಿರಬೇಕು. ಆಮೇಲೆ ಫೋನು ಬಂತು, ಬರೆಯುವುದು ನಿಂತಿತು. ಫೋನು ಬಂದ ಮೇಲೆ ಮಾತಾಡುವುದೂ ನಿಂತಿತ್ತು ಎಂಬುದು ನನಗೆ ಈಗೀಗ ಹೊಳೆಯುತ್ತಿದೆ.

ಗಂಟಲಿನ ಗಂಟನ್ನು ತೆಗೆದ ದಿನ ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ಮೂರು ವಾರವೋ ನಾಲ್ಕೋ, ಗಾಯ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಒಂದಕ್ಷರ ಆಡಕೂಡದು, ಪಿಸುಮಾತು ಅದಕ್ಕಿಂತ ಕೆಟ್ಟದ್ದು ಎಂದರು. ಅದನ್ನು ಕೇಳಿ ನಮ್ಮ ಇವರು ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಅಳುತ್ತಿದ್ದಾರೆಂದು ನಾನು ಮರುಗಿದೆ. ಆಸಾಮಿ ನಗುತ್ತಿದ್ದರು.

ನನ್ನ ಬದುಕೆಲ್ಲ ಗಂಟಲಿನ ಮೇಲೆಯೇ ನಿಂತಿತ್ತಲ್ಲ ಅಕ್ಕ. ಬೆಳಗ್ಗೆ ಆರರಿಂದ ಎರಡರವರೆಗೆ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಪ್ರಕಟಣೆ. ಅಲ್ಲಿಂದ ಓಡಿ, ಅಂಗಡಿಗಳ ಜಾಹೀರಾತಿಗೆ ಧ್ವನಿ ಕೊಡುವುದು. ಸಂಜೆ, ಜನರ ಮುಂದೆ ಮಾತಾಡಲು ಹೆದರುವವರಿಗೆ ತರಗತಿ. ಮನೆಗೆ ಬಂದಾಗ ಬಾಯಲ್ಲಿ ಉಳಿದಿರುತ್ತಿದ್ದ ಮಾತು ಎರಡೇ: 'ಬೇಗ ಹೇಳು', 'ಆಮೇಲೆ ನೋಡೋಣ'. ಎರಡನ್ನೂ ನೀನು ಬೇಕಾದಷ್ಟು ಕೇಳಿದ್ದೀಯ.

ಮೊದಲ ನಾಲ್ಕು ದಿನ ನಾನು ಹುಚ್ಚಿಯಂತಾಗಿದ್ದೆ. ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬಿಸಿದೆ. ಮಗಳ ಹಳೆಯ ಸ್ಲೇಟನ್ನು ಕೊರಳಿಗೆ ಕಟ್ಟಿಕೊಂಡು, ಇದನ್ನು ಯಾಕೆ ಇಲ್ಲಿಟ್ಟಿರಿ, ಅದನ್ನು ಯಾರು ಮುಟ್ಟಿದರು ಎಂದು ಬರೆದು ತೋರಿಸುತ್ತಿದ್ದೆ. ಒಂದು ದಿನ ಇವರು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಿದ್ದರು. ರೇಗಿಹೋಗಿ ಸ್ಲೇಟಿನ ತುಂಬ ಬೈಗುಳ ಬರೆಯುತ್ತ ಕೂತೆ. ನಡುವೆ ಒಂದು ಒತ್ತಕ್ಷರ ತಪ್ಪಿತು, ಒರೆಸಿ ತಿದ್ದಿದೆ. ಅಷ್ಟರಲ್ಲಿ ಇವರು ಟವೆಲನ್ನು ತಾವೇ ಒಣಹಾಕಿ, ಒಂದು ಲೋಟ ಬಿಸಿನೀರು ತಂದು ನನ್ನ ಮುಂದಿಟ್ಟು, 'ಇನ್ನೂ ಎಷ್ಟು ಸಾಲಿದೆ?' ಎಂದರು. ಧ್ವನಿ ಮಾಡದೆ ನಗುವುದು ಎಷ್ಟು ಕಷ್ಟ ಗೊತ್ತೇ? ಹೊಟ್ಟೆ ನೋವು ಬಂತು.

ಇವರು ಪಾತ್ರೆ ತೊಳೆಯುವಾಗ ಹಾಡುತ್ತಾರೆ ಅಕ್ಕ! ರಾಗವಿಲ್ಲ, ತಾಳವಿಲ್ಲ, ಪದಗಳು ಅರ್ಧಂಬರ್ಧ. ಮದುವೆಯಾಗಿ ಹದಿನಾಲ್ಕು ವರ್ಷವಾಯಿತು. ನನ್ನ ಮಾತಿನ ಗಲಾಟೆಯಲ್ಲಿ ಅದು ನನಗೆ ಒಂದು ದಿನವೂ ಕೇಳಿಸಿರಲಿಲ್ಲ. ಈಗ ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ನಮ್ಮ ಮಗಳು ಪಟಪಟಿಯ ಸಂಗತಿ ಬೇರೆ. ಅವಳಿಗೆ ಆ ಹೆಸರಿಟ್ಟವಳು ನೀನೇ, ಆದರೆ ಈಚೆಗೆ ಅವಳು ಪಟಪಟ ಎನ್ನುವುದನ್ನು ಬಿಟ್ಟು ಎಷ್ಟು ಕಾಲವಾಗಿತ್ತೋ, ನಾನು ಗಮನಿಸಿರಲಿಲ್ಲ. ಐದನೆಯ ದಿನ ಶಾಲೆಯಿಂದ ಬಂದವಳು ಚೀಲವನ್ನು ಇಳಿಸದೆ, 'ಅಮ್ಮ, ಎರಡೇ ನಿಮಿಷ, ಹೇಳಿ ಹೋಗ್ಬಿಡ್ತೀನಿ' ಎಂದು ನಿಂತಳು. ತನ್ನ ಅಮ್ಮನ ಹತ್ತಿರ ಮಾತಾಡಲು ಹನ್ನೊಂದು ವರ್ಷದ ಹುಡುಗಿ ಹೀಗೆ ಅಪ್ಪಣೆ ಕೇಳುತ್ತಾಳೆ. ಅದನ್ನು ಕಲಿಸಿದವಳು ನಾನು. ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ತರಗತಿಯ ಕಿಟಕಿಯ ಮೂಲೆಯಲ್ಲಿ ಕಣಜ ಗೂಡು ಕಟ್ಟಿರುವುದು, ಅದನ್ನು ಟೀಚರಿಗೆ ಹೇಳಬಾರದೆಂದು ಕೊನೆಯ ಬೆಂಚಿನವರೆಲ್ಲ ಆಣೆ ಮಾಡಿರುವುದು, ಇವಳ ಗೆಳತಿ ಈಗ ಬೇರೆಯವಳ ಪಕ್ಕ ಕೂರುತ್ತಿರುವುದು, ಒಂದಾದ ಮೇಲೊಂದು ಬಂತು. ಗೆಳತಿಯ ವಿಷಯಕ್ಕೆ ಬಂದಾಗ ಅತ್ತಳು. ನನಗೆ ಬಾಯಿದ್ದಿದ್ದರೆ, ಹೋಗಲಿ ಬಿಡು, ಬೇರೆ ಗೆಳತಿ ಸಿಗುತ್ತಾಳೆ ಎಂದು ಅಲ್ಲಿಗೇ ಮುಗಿಸುತ್ತಿದ್ದೆ. ಬಾಯಿಲ್ಲದ್ದರಿಂದ ತಲೆ ಸವರಿದೆ. ಮಾತು ಮುಗಿದಾಗ ಗಡಿಯಾರ ನೋಡಿದರೆ ಐವತ್ತು ನಿಮಿಷವಾಗಿತ್ತು. 'ಇವತ್ತು ಎಷ್ಟು ಚೆನ್ನಾಗಿ ಮಾತಾಡಿದ್ವಿ ಅಲ್ವಾಮ್ಮ?' ಎಂದು ಹೇಳಿ ಆಡಲು ಓಡಿದಳು.

ಆ ವಾರದ ಕೊನೆಗೆ ರಜೆಯ ಕಾಗದ ಕೊಡಲು ನಿಲ್ದಾಣಕ್ಕೆ ಹೋಗಿದ್ದೆ. ಹತ್ತೊಂಬತ್ತು ವರ್ಷ ಬಸ್ಸುಗಳ ಹೆಸರು ಹೇಳಿದವಳು ನಾನು, ಆದರೆ ನಮ್ಮ ಕೊಠಡಿಗೆ ಕಿಟಕಿಯಿಲ್ಲ. ಒಂದು ಬಸ್ಸು ಹೊರಡುವುದನ್ನು ಸುಮ್ಮನೆ ನಿಂತು ನೋಡಿರಲಿಲ್ಲ. ಅಂದು ಐದನೇ ಅಂಕಣದ ಕಲ್ಲುಬೆಂಚಿನ ಮೇಲೆ ಕೂತೆ. ಮೈಕಿನಲ್ಲಿ ಟಿಕೆಟ್ ವಿಭಾಗದ ಗುಮಾಸ್ತರು ತಡವರಿಸುತ್ತಿದ್ದರು. ಆದರೂ ಎಲ್ಲ ಬಸ್ಸುಗಳೂ ಹೊರಟವು, ಎಲ್ಲರೂ ಹತ್ತಿದರು. ಮೊದಲು ಸ್ವಲ್ಪ ಚುರುಕ್ಕೆಂದಿತು. ಇನ್ನೆರಡು ಬಸ್ಸು ಹೋಗುವಷ್ಟರಲ್ಲಿ ಹೆಗಲಿನಿಂದ ಮೂಟೆ ಇಳಿಸಿದಂತಾಯಿತು. ಮೈಕಿನವಳು ನಾನೇ ಎಂದು ಆಫೀಸಿನಲ್ಲಿ ಕೇಳಿ ತಿಳಿದ ಗುಡಿಸುವಾಕೆ ಬಂದು ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಪಕ್ಕ ಕೂತು, ತನ್ನ ಬಾಳೆಹಣ್ಣಿನಲ್ಲಿ ಅರ್ಧ ಮುರಿದು ಕೊಟ್ಟಳು. 'ನೀವು ಇಷ್ಟು ಗಿಡ್ಡ ಅಂತ ಗೊತ್ತೇ ಇರ್ಲಿಲ್ಲ ಮೇಡಂ. ಧ್ವನಿ ಕೇಳಿದ್ರೆ ಆರಡಿ ಇರಬೇಕು ಅನ್ಸೋದು' ಎಂದಳು. ಇಬ್ಬರೂ ಬಿಸಿಲಿನಲ್ಲಿ ಕಾಲು ಚಾಚಿಕೊಂಡು ಹಣ್ಣು ತಿಂದೆವು. ಅಷ್ಟು ನೆಮ್ಮದಿಯ ಮಧ್ಯಾಹ್ನ ನನಗೆ ಬೇರೆ ನೆನಪಿಲ್ಲ.

ಇದನ್ನೆಲ್ಲ ಹೇಳುವ ನೆವದಲ್ಲಿ ಮುಖ್ಯ ವಿಷಯವನ್ನು ಮುಂದಕ್ಕೆ ತಳ್ಳುತ್ತಿದ್ದೇನೆ, ನನಗೆ ಗೊತ್ತು.

ನನ್ನ ಗಂಟಲಿನ ಸುದ್ದಿ ತಿಳಿದ ದಿನದಿಂದ ನೀನು ದಿನವೂ ಸಂಜೆ ಐದೂವರೆಗೆ ಫೋನು ಮಾಡುತ್ತಿದ್ದೀಯ. ಪರದೆ ಹೊಲಿಯುವ ಅಂಗಡಿ ಮುಚ್ಚಿದ ಕೂಡಲೇ, ಇನ್ನೂ ಬೀದಿಯಲ್ಲಿರುವಾಗಲೇ. ನಾನು ಫೋನಿನ ಮೇಲೆ ಉಗುರಿನಿಂದ ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಊಹೂಂ ಎಂದು ನೀನೇ ಗೊತ್ತುಮಾಡಿದೆ. ಅಂಗಡಿಯ ಹೊಸಬಳು ಹಕ್ಕಿ ಚಿತ್ತಾರದ ಪರದೆಯನ್ನು ತಲೆಕೆಳಗಾಗಿ ಹೊಲಿದು ಹಕ್ಕಿಗಳೆಲ್ಲ ಅಂಗಾತ ಹಾರಿದ್ದನ್ನು ಹೇಳಿದಾಗ ನಾನು ತಟ್ಟಿದ ರಭಸಕ್ಕೆ ಉಗುರೇ ಮುರಿಯಿತು.

ಹನ್ನೊಂದನೆಯ ದಿನ, ಅದೇ ನಗುವಿನ ಜೊತೆಯಲ್ಲೇ ನೀನು ಇನ್ನೊಂದನ್ನೂ ಹೇಳಿಬಿಟ್ಟೆ. ಹೋದ ವರ್ಷ ಎದೆಯಲ್ಲಿ ಗಂಟು ಕಂಡದ್ದು, ಒಬ್ಬಳೇ ಆಸ್ಪತ್ರೆಗೆ ಹೋದದ್ದು, ಫಲಿತಾಂಶಕ್ಕೆ ಒಂಬತ್ತು ದಿನ ಕಾದದ್ದು. 'ಏನೂ ಇರ್ಲಿಲ್ಲ ಕಣೇ, ಬರೀ ಕೊಬ್ಬಿನ ಗಂಟು. ಆ ಒಂಬತ್ತು ದಿನ ಮಾತ್ರ ಯಾವ ಪರದೆ ಹೊಲಿದೆನೋ ನೆನಪಿಲ್ಲ' ಎಂದೆ. ನಾನು ತಟ್ಟಲಿಲ್ಲ. 'ಇದ್ದೀಯೇನೇ?' ಎಂದು ನೀನು ಕೇಳಿದೆ. ನಾನು ಒಂದು ಸಲ ತಟ್ಟಿದೆ.

ಹೋದ ವರ್ಷ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನೀನು ನನಗೆ ಫೋನು ಮಾಡಿದ್ದೆ. ನೀನು ಅದನ್ನು ಹೇಳಲಿಲ್ಲ, ಆದರೆ ನನಗೆ ನೆನಪಿದೆ. 'ಬೇಗ ಹೇಳಕ್ಕ, ರೆಕಾರ್ಡಿಂಗ್ ಇದೆ' ಎಂದಿದ್ದೆ ನಾನು. 'ಏನಿಲ್ಲ ಬಿಡೆ, ಸುಮ್ನೆ ಮಾಡ್ದೆ' ಎಂದು ನೀನು ಫೋನು ಇಟ್ಟುಬಿಟ್ಟೆ. ಅಂದು ರೆಕಾರ್ಡಿಂಗ್ ಇರಲಿಲ್ಲ ಅಕ್ಕ. ಅದು ಮುಂದಕ್ಕೆ ಹೋಗಿತ್ತು. ನಾನು ಸ್ಟುಡಿಯೋದ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ. ಪುರುಸೊತ್ತಿಲ್ಲ ಎಂದು ಹೇಳಿ ಹೇಳಿ, ಪುರುಸೊತ್ತು ಇದ್ದಾಗಲೂ ಅದೇ ಮಾತು ಬಾಯಿಗೆ ಬರುತ್ತಿತ್ತು. ಇದನ್ನು ಹೇಳಲೆಂದೇ ಈ ಕಾಗದ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ಹನ್ನೊಂದನೆಯ ದಿನ ನನಗೆ ಧ್ವನಿಯಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದ್ದೇನೆ. ಯಾಕೆ ಹೇಳಲಿಲ್ಲ, ನಾನು ಸತ್ತಿದ್ದೆನೇ ಎಂದು ಕೂಗಾಡಿ ಅಳುತ್ತಿದ್ದೆ. ಕೊನೆಗೆ ನೀನೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು. ಧ್ವನಿಯಿಲ್ಲದ್ದರಿಂದ, ಆ ಒಂಬತ್ತು ದಿನವನ್ನೂ ನೀನು ಒಂದೊಂದಾಗಿ ಹೇಳಿದೆ, ನಾನು ಕೊನೆಯವರೆಗೆ ಕೇಳಿದೆ. ನನಗೆ ಆ ಅವಕಾಶ ಕೊಟ್ಟೆಯಲ್ಲ, ಅದಕ್ಕೆ ಹೇಗೆ ಕೃತಜ್ಞತೆ ಹೇಳಲಿ? ಇನ್ನೊಬ್ಬಳಾಗಿದ್ದರೆ ಇಂಥ ತಂಗಿಯ ನಂಬರನ್ನೇ ಅಳಿಸಿಬಿಡುತ್ತಿದ್ದಳು.

ಸಂಜೆಯ ತರಗತಿಯನ್ನು ಬಿಟ್ಟಿದ್ದೇನೆ. ಜಾಹೀರಾತಿನವರಿಗೂ ವಾರಕ್ಕೆ ಒಂದೇ ದಿನ ಬರುತ್ತೇನೆಂದು ತಿಳಿಸಿದೆ. ದೊಡ್ಡ ತ್ಯಾಗವೇನಲ್ಲ. ನಿಲ್ದಾಣದ ಸಂಬಳ ನಮಗೆ ಸಾಕು, ಅದು ಮೊದಲಿನಿಂದಲೂ ಸಾಕಾಗುತ್ತಿತ್ತು. ಈಗ ಸಂಜೆ ಹೊತ್ತು ಮನೆಯ ಜಗಲಿಗೆ ಬಿಸಿಲು ಓರೆಯಾಗಿ ಬೀಳುವುದನ್ನು ನೋಡುತ್ತ ಕೂರುವುದನ್ನೂ, ಮೂವರೂ ಒಟ್ಟಿಗೆ ಕೂತು ಊಟ ಮಾಡುವುದನ್ನೂ ರೂಢಿ ಮಾಡಿಕೊಳ್ಳುತ್ತಿದ್ದೇನೆ. ಒಮ್ಮೊಮ್ಮೆ ಕೈಕಾಲು ಚಡಪಡಿಸುತ್ತವೆ, ಸುಳ್ಳು ಹೇಳುವುದಿಲ್ಲ. ಆಗ ಎದ್ದು ಒಂದು ಕಪಾಟನ್ನು ಒರೆಸಿ ಮತ್ತೆ ಬಂದು ಕೂರುತ್ತೇನೆ.

ನಿನ್ನ ಆರೋಗ್ಯ ನೋಡಿಕೋ. ವರ್ಷಕ್ಕೊಮ್ಮೆ ತೋರಿಸಲು ಹೇಳಿದ್ದಾರೆಂದೆಯಲ್ಲ, ಈ ಸಲ ಜೊತೆಗೆ ನಾನಿರುತ್ತೇನೆ.

ಎಂದೆಂದಿಗೂ ನಿನ್ನವಳೇ ಆದ
ತಂಗಿ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಸಾಲದೆ ಇಲ್ಲಿಗೆ ಉಳಿಸಿಕೊಂಡೆ): ಡಾಕ್ಟರು ಗುರುವಾರವೇ ಮಾತಾಡಲು ಅನುಮತಿ ಕೊಟ್ಟಿದ್ದಾರೆ. ಮನೆಯಲ್ಲಿ ಅಷ್ಟಿಷ್ಟು ಮಾತು ಶುರುವಾಗಿದೆ. ನಿನಗೆ ಮಾತ್ರ ತಿಳಿಸಬೇಡಿ ಎಂದು ಅಪ್ಪ ಮಗಳಿಬ್ಬರಿಗೂ ತಾಕೀತು ಮಾಡಿದ್ದೇನೆ. ಶುಕ್ರವಾರ ನೀನು, ನಿಮ್ಮ ಮೇಲಿನ ಮನೆಯ ಮೇಷ್ಟ್ರು ಅರವತ್ತೆಂಟನೇ ವಯಸ್ಸಿನಲ್ಲಿ ಸೈಕಲ್ ಕಲಿಯಲು ಹೊರಟ ಕಥೆ ಶುರುಮಾಡಿದ್ದೆ. ನನಗೆ ಧ್ವನಿ ಬಂತೆಂದು ತಿಳಿದರೆ 'ಸರಿ, ಇನ್ನು ನಿನ್ನ ಸಮಾಚಾರ ಹೇಳು' ಎಂದುಬಿಡುತ್ತೀಯ, ನಾನು ಮತ್ತೆ ಹಳೆಯ ಚಾಳಿಗೆ ಬೀಳುತ್ತೇನೆ ಎಂದು ಹೆದರಿದೆ. ಈ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದೇನೆ. ನಾಲ್ಕು ದಿನ ರಜೆ ಹಾಕಿದ್ದೇನೆ. ಬಾಗಿಲು ತೆಗೆದಾಗ ಮೊದಲು ನೀನೇ ಮಾತಾಡು.