ಅಮ್ಮ ಕುಡಿಯದ ಚಹಾ

ಹೆಝೆಲ್ ಗುಡ್ಡ, ಮ್ಯಾಸಚೂಸೆಟ್ಸ್
ಮೇ ೧೭, ೧೭೭೬, ಶುಕ್ರವಾರ

ನನ್ನ ಸೊಂಟದ ಮೇಲೆ ಬೆಳೆದ ತಂಗಿ ಹುಲ್ಡಾಗೆ,

ಇವತ್ತು ಉಪವಾಸ. ಹೊತ್ತು ಮುಳುಗುವವರೆಗೆ ನೀರೊಂದೇ. ಆದರೆ ಹಸುಗಳಿಗೆ ಉಪವಾಸ ಎಂದರೆ ಅರ್ಥವಾಗುತ್ತದೆಯೇ? ನಸುಕಿಗೇ ಎದ್ದು ಎರಡರ ಹಾಲೂ ಕರೆದೆ, ಹಂದಿಗೆ ನುಚ್ಚು ಕಲಸಿಟ್ಟೆ, ಕೋಳಿಗಳನ್ನು ಬಿಟ್ಟೆ, ಬಾವಿಯಿಂದ ನೀರು ಸೇದಿ ತುಂಬಿದೆ. ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟೆ. ಪ್ರಾರ್ಥನಾ ಮಂದಿರದಲ್ಲಿ ಪಾದ್ರಿಗಳ ಬೆಳಗಿನ ಪ್ರಸಂಗ ಕೇಳಿ ಬಂದು ಈಗ ಕಿಟಕಿಯ ಹತ್ತಿರ ಕೂತಿದ್ದೇನೆ. ಮಧ್ಯಾಹ್ನದ ಪ್ರಸಂಗಕ್ಕೆ ಇನ್ನೂ ಹೊತ್ತಿದೆ. ಇಂಥ ದಿನ ಕಾಗದ ಬರೆಯುವುದು ತಪ್ಪೋ ಏನೋ. ಆದರೆ ಈ ಕಾಗದ ಬರೆಯದೆ ನಾನು ಮಾಡುವ ಪ್ರಾರ್ಥನೆಯೆಲ್ಲ ಸುಳ್ಳಾಗುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹಾಲಿನ ಪಾತ್ರೆ ಹೊತ್ತು ಅಂಗಳಕ್ಕೆ ಬಂದವಳು ಹಾಗೇ ನಿಂತುಬಿಟ್ಟೆ. ಕೆಳಗೆ ಕಣಿವೆಯಲ್ಲಿ ಒಂದು ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಹೊಳೆಯಾಚೆಯ ಊರಲ್ಲೂ ಇಲ್ಲ. ಆಮೇಲೆ ಪಾದ್ರಿಗಳು ಓದಿ ಹೇಳಿದರು, ಹದಿಮೂರು ವಸಾಹತುಗಳಲ್ಲೂ ಇವತ್ತೇ ಉಪವಾಸವಂತೆ. ನಮ್ಮ ಪೈನ್ ಕಾಡಿನಿಂದ ಹಿಡಿದು ದಕ್ಷಿಣದ ಭತ್ತದ ಗದ್ದೆಗಳವರೆಗೆ. ನಾನು ಎಂದೂ ನೋಡದ, ನೋಡಲಾರದ ಹೆಂಗಸರು ನನ್ನ ಹಾಗೇ ಕೆಂಡ ಮುಚ್ಚಿ ಎದ್ದಿದ್ದಾರೆ. ಹುಲ್ಡಾ, ನಮ್ಮ ಅಡುಗೆಮನೆಯಲ್ಲಿ ಒಂದು ಚಮಚ ಚಹಾಕ್ಕೆ ಬೇಡ ಎಂದದ್ದು ಎಲ್ಲಿಗೆ ಬಂದು ನಿಂತಿತು ನೋಡು.

ಬರುವ ಸೋಮವಾರ ಮಂದಿರದಲ್ಲಿ ಊರ ಸಭೆ ಇದೆ. ಒಂದೇ ಪ್ರಶ್ನೆ. ಫಿಲಡೆಲ್ಫಿಯಾದಲ್ಲಿ ಕೂತಿರುವ ಹಿರಿಯರು ರಾಜನಿಂದ ಬೇರೆಯಾದೆವು ಎಂದು ಸಾರಿದರೆ, ಈ ಊರು ಪ್ರಾಣ ಆಸ್ತಿ ಎಲ್ಲ ಒತ್ತೆಯಿಟ್ಟು ಅವರ ಜೊತೆ ನಿಲ್ಲುತ್ತದೆಯೇ? ಒಪ್ಪುವ ಗಂಡಸರು ಕೈ ಎತ್ತಬೇಕು. ನಿನ್ನೆ ಸಂಜೆ ನಿನ್ನ ಭಾವ ಜಾಬೆಜ್ ಕುದುರೆಯ ಜೀನು ಒರೆಸುತ್ತ ಕೂತಿದ್ದವರು ತಲೆ ಎತ್ತದೆ ಕೇಳಿದರು: "ಕೆಜೀ, ನಾನು ಕೈ ಎತ್ತಿದ್ರೆ ರಾಜನ ಕಡೆ ಹೋದ ಹುಲ್ಡಾ ಬೇರೆ ದೇಶದವಳಾಗ್ತಾಳೆ. ನಿನ್ನ ತಂಗೀನ ಪರದೇಶಿ ಮಾಡೋ ಕೈ ನಂದಾಗೋದು ನಂಗಿಷ್ಟ ಇಲ್ಲ. ನೀನು ಹೂಂ ಅಂದ್ರೆ ಎತ್ತುತೀನಿ, ಇಲ್ಲಾಂದ್ರೆ ಜೇಬಲ್ಲಿ ಇಟ್ಕೊಂಡು ಕೂತಿರ್ತೀನಿ."

ನಾನೇನು ಹೇಳಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ ಇದೆ.

ಮೊದಲು ಹೇಗಿದ್ದೆವು ನೆನಪಿದೆಯೇ? ಹನ್ನೊಂದು ವರ್ಷದ ಹಿಂದೆ ಕಾಗದಕ್ಕೆಲ್ಲ ಮುದ್ರೆ ಹಾಕಿ ತೆರಿಗೆ ಕೀಳುತ್ತೇವೆ ಎಂದರು. ಪಂಚಾಂಗದಲ್ಲಿ ಹುಣ್ಣಿಮೆ ನೋಡುವುದಕ್ಕೂ ಲಂಡನ್ನಿಗೆ ಕಪ್ಪ ಕೊಡಬೇಕೇ ಎಂದು ನಿನ್ನ ಭಾವ ಕೂಗಾಡಿದರು. ಮರುವರ್ಷ ಅದನ್ನು ತೆಗೆದರು ಎಂದಾಗ ನಾವೇ ಕಿಟಕಿಗಳಲ್ಲಿ ಮೇಣದಬತ್ತಿ ಹಚ್ಚಿ, ಸೇಬಿನ ಸೈಡರು ಕುಡಿದು, ರಾಜ ನೂರು ವರ್ಷ ಬಾಳಲಿ ಎಂದೆವು. "ಪಾಪ, ಅವನಿಗೆ ಗೊತ್ತಿರ್ಲಿಲ್ಲ, ಆ ಹಾಳು ಮಂತ್ರಿಗಳು ಮಾಡಿದ್ದು" ಎಂದು ಅಮ್ಮ ಕಣ್ಣೊರೆಸಿಕೊಂಡಳು. ಆವತ್ತು ಯಾರಾದರೂ ಬಂದು, ಇದೇ ರಾಜನ ಮೇಲೆ ನಿನ್ನ ಮಗ ಬಂದೂಕು ಎತ್ತುತ್ತಾನೆ ಎಂದಿದ್ದರೆ ಪೊರಕೆ ತೆಗೆದುಕೊಂಡು ಓಡಿಸುತ್ತಿದ್ದೆ.

ಆಮೇಲೆ ಗಾಜಿಗೆ, ಬಣ್ಣಕ್ಕೆ, ಕಾಗದಕ್ಕೆ, ಚಹಾಕ್ಕೆ ಸುಂಕ ಬಂತು. ಅವರ ಬಟ್ಟೆಯೂ ಬೇಡ, ಚಹಾವೂ ಬೇಡ ಎಂದು ಊರಿನ ಹೆಂಗಸರೆಲ್ಲ ಪಾದ್ರಿಗಳ ಮನೆಗೆ ರಾಟೆ ಹೊತ್ತು ಹೋದೆವು. ಬೆಳಗಿನಿಂದ ಸಂಜೆಯವರೆಗೆ ನೂತೆವು. ನಲವತ್ತು ರಾಟೆಗಳ ಸದ್ದು, ಜೇನುಗೂಡಿನ ಒಳಗೆ ಕೂತ ಹಾಗೆ. ಆ ದಿನ ಎಲ್ಲರಿಗಿಂತ ಸಣ್ಣ ನೂಲು ತೆಗೆದವಳು ನೀನು. ಪಾದ್ರಿಗಳು ನಿನ್ನ ಲಡಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಮರುವರ್ಷವೇ ನೀನು ಬಾಸ್ಟನ್ನಿನ ಸುಂಕದ ಕಟ್ಟೆಯ ಗುಮಾಸ್ತ ಗಿಲ್ಬರ್ಟ್‌ರನ್ನು ಮದುವೆಯಾದೆ. ಪಕ್ಕದ ಮನೆ ಡಾರ್ಕಸ್ ಬೇಲಿಯ ಆಚೆಯಿಂದಲೇ ಚುಚ್ಚಿದಳಲ್ಲ, "ಏನೇ ಹುಲ್ಡಾ, ಸುಂಕ ಬೇಡ ಅಂತ ರಾಟೆ ತಿರುಗಿಸ್ದೋಳು ಸುಂಕದೋನ ಮನೆಗೇ ನಡೆದ್ಯಲ್ಲೇ!" ನೀನು ಸುಮ್ಮನಿರುವವಳೇ? "ಸುಂಕ ಬೇಡ ಅಂದೆ ಡಾರ್ಕಸಕ್ಕಾ, ಗಂಡ ಬೇಡ ಅಂದಿರ್ಲಿಲ್ಲ!" ಅಮ್ಮ ಒಳಗೆ ಕೈವಸ್ತ್ರ ಬಾಯಿಗಿಟ್ಟುಕೊಂಡು ನಕ್ಕಿದ್ದೂ ನಕ್ಕಿದ್ದೇ.

ಆಗ ನಗುವಷ್ಟು ಜಾಗ ಇತ್ತು. ಉಳಿದ ಸುಂಕಗಳು ಹೋದವು, ಚಹಾದ್ದು ಮಾತ್ರ ಉಳಿಯಿತು. ಬಾಸ್ಟನ್ನಿನಲ್ಲಿ ರಾಜನ ಸಿಪಾಯಿಗಳು ಜನರ ಮೇಲೆ ಗುಂಡು ಹಾರಿಸಿದರು. ಅಲ್ಲಿನ ಜನ ಚಹಾ ಪೆಟ್ಟಿಗೆಗಳನ್ನು ಕಡಲಿಗೆ ಸುರಿದರು. ಅದಕ್ಕೆ ರಾಜ ಆ ಊರಿನ ಬಂದರನ್ನೇ ಮುಚ್ಚಿಸಿದ, ನಾವು ಬಾಸ್ಟನ್ನಿನವರು ಹಸಿಯಬಾರದೆಂದು ಕುರಿ ಹೊಡೆದುಕೊಂಡು ಹೋಗಿ ಕೊಟ್ಟೆವು. ಒಂದೊಂದೂ ಆದಾಗ ಇಷ್ಟೇ ತಾನೇ, ಇನ್ನು ಸರಿಹೋಗುತ್ತದೆ ಎಂದುಕೊಂಡೆವು. ಆ ಚಳಿಗಾಲ ಊರಿನ ಅರವತ್ತೆರಡು ಹೆಂಗಸರು ಮಂದಿರದ ಮೇಜಿನ ಮೇಲೆ ಬರೆದು ಸಹಿ ಹಾಕಿದೆವು, ಈ ಅನ್ಯಾಯ ತೀರುವವರೆಗೆ ನಮ್ಮ ಒಲೆಯ ಮೇಲೆ ಚಹಾ ಕುದಿಯುವುದಿಲ್ಲ ಎಂದು. ನನ್ನ ಹೆಸರು ಮೂರನೆಯದು. ದೇವರ ಮುಂದೆ ಕೊಟ್ಟ ಮಾತು.

ಕಳೆದ ವರ್ಷ ಫೆಬ್ರವರಿಯಲ್ಲಿ ಅಮ್ಮ ಮಲಗಿದಳು. ಸುಂಕದವನ ಹೆಂಡತಿ ಎಂದು ದಾರಿಯಲ್ಲಿ ಕಲ್ಲು ತೂರುತ್ತಾರೆಂದು ನೀನು ಬರಲಾಗಲಿಲ್ಲ. ಬದಲಿಗೆ ಹೆಬ್ಬಾತಿನ ಗರಿಯ ದಿಂಬು ಕಳಿಸಿದೆ, ಅದರೊಳಗೆ ಬಚ್ಚಿಟ್ಟ ಚಹಾದ ಡಬ್ಬಿ. "ಅಮ್ಮನಿಗೆ ದಿನಾ ಒಂದು ಬಟ್ಟಲು ಮಾಡಿಕೊಡು ಅಕ್ಕ, ಅವಳಿಗೆ ಅದೊಂದೇ ಆಸೆ" ಎಂದು ಚೀಟಿ.

ಆಮೇಲೆ ನೀನು ಕೇಳಿದೆ, ಅಮ್ಮ ಕುಡಿದಳೇ ಎಂದು. ಕುಡಿದಳು, ನಿನ್ನನ್ನು ಹರಸಿದಳು ಎಂದು ನಾನು ಬರೆದೆ.

ಕುಡಿಯಲಿಲ್ಲ ಹುಲ್ಡಾ. ನಾನು ಕೊಡಲಿಲ್ಲ.

ಹೊರಗೆ ಹಿಮ ಬೀಳುತ್ತಿತ್ತು, ಮಧ್ಯಾಹ್ನ. ಅಮ್ಮ ಕೇಳಿದಳು. ನಾನು ರಾಸ್‌ಬೆರಿ ಎಲೆ ಕುದಿಸಿ, ಸಕ್ಕರೆ ಹಾಕಿ, ನಿನ್ನ ಚಹಾ ಎಂದು ಹೇಳಿ ಕೊಟ್ಟೆ. ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟಳು. "ಕೆಜೀ, ಇದು ನಮ್ಮ ಕೊಟ್ಟಿಗೆ ಹಿಂದಿನ ಪೊದೆ ಎಲೆ. ನಲವತ್ತು ವರ್ಷ ಅದರ ಮೇಲಿಂದ ಮೇಕೆ ಅಟ್ಟಿದೀನಿ. ನಂಗೆ ಗೊತ್ತಾಗಲ್ವೇನೇ?"

"ಮಾತು ಕೊಟ್ಟಿದೀನಮ್ಮಾ" ಎಂದೆ.

"ಕೊಟ್ಟೋಳು ನೀನು. ನಾನಲ್ಲ."

"ಒಲೆ ಒಂದೇ ಅಲ್ವಾ ಅಮ್ಮ."

ಅವಳು ನನ್ನ ಮುಖವನ್ನೇ ನೋಡಿದಳು. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮೆಲ್ಲಗೆ ನಕ್ಕಳು. "ಆಗ್ಲಿ, ಆ ಡಬ್ಬಿ ಇಲ್ಲಿ ಕೊಡು. ಮೂಸಿ ನೋಡ್ತೀನಿ. ಮೂಸೋದಕ್ಕೂ ತೆರಿಗೆ ಇದೆಯೇನೇ?"

ಕೊಟ್ಟೆ. ಮುಚ್ಚಳ ತೆಗೆಯದೆಯೇ ಮೂಗಿಗೆ ಹಿಡಿದಳು. ಬಹಳ ಹೊತ್ತು ಹಿಡಿದಿದ್ದಳು. ಮೂರು ದಿನ ಆ ಡಬ್ಬಿ ಅವಳ ಕೆನ್ನೆಯ ಪಕ್ಕದಲ್ಲೇ ಇತ್ತು. ಡಾರ್ಕಸ್ ನೋಡಲು ಬಂದಾಗ ಅದರ ಮೇಲೆ ಅಂಗೈ ಮುಚ್ಚಿದ್ದು ಅಮ್ಮನೇ, ನನ್ನ ಮಾನ ಕಾಯುವುದಕ್ಕೆ. ಕೊನೆಯ ಬೆಳಿಗ್ಗೆ ಕಣ್ಣು ಬಿಟ್ಟು, "ಹುಲ್ಡಾ ಬಂದಿದ್ಲು, ಈಗ ತಾನೇ ಹೋದ್ಲು" ಎಂದಳು. ಅಷ್ಟೇ. ಕೊನೆಯ ಮಾತಲ್ಲಿ ನಿನ್ನ ಹೆಸರು ಹಿಡಿದದ್ದೇ ಹರಸಿದ ಹಾಗೆ, ಹಾಗಾಗಿ ಹರಸಿದಳು ಎಂದು ಬರೆದದ್ದು ಸುಳ್ಳಲ್ಲ. ಕುಡಿದಳು ಎಂದದ್ದು ಮಾತ್ರ ಸುಳ್ಳು. ಆಮೇಲೆ ಬಂದ ಒಂದೊಂದು ಉಪವಾಸದ ದಿನವೂ ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡೇ ಇದೆ.

ಎರಡು ತಿಂಗಳಾದ ಮೇಲೆ, ಏಪ್ರಿಲ್‌ನಲ್ಲಿ, ಸಿಪಾಯಿಗಳು ನಮ್ಮ ಮದ್ದುಗುಂಡು ಕಿತ್ತುಕೊಳ್ಳಲು ಹಳ್ಳಿಗಳ ಮೇಲೆ ಬಂದರು. ಮಂದಿರದ ಗಂಟೆ ಬಡಿಯಿತು. ನಿನ್ನ ಭಾವ ಕುಡಿಯುತ್ತಿದ್ದ ಗಂಜಿ ಬಿಟ್ಟು ಬಂದೂಕು ತೆಗೆದುಕೊಂಡು ಹೋದರು. ಜೂನ್‌ನಲ್ಲಿ ಚಾರ್ಲ್ಸ್‌ಟೌನ್ ಕಾಳಗದಲ್ಲಿ ಉರಿದ ಹೊಗೆಯನ್ನು ನಾನು ಈ ಗುಡ್ಡದಿಂದ ನೋಡಿದೆ, ನೀನು ಬಾಸ್ಟನ್ನಿನ ನಿನ್ನ ಮಾಳಿಗೆಯಿಂದ ನೋಡಿರುತ್ತೀ. ಒಂದೇ ಹೊಗೆ, ಅದರ ಆಚೆ ನೀನು, ಈಚೆ ನಾನು. ನನ್ನ ಮಗ ಏಸಾ ಆ ಹೊಗೆಯೊಳಗಿದ್ದ. ಜೀವಂತ ಬಂದ, ಕರ್ತನಿಗೆ ಸ್ತೋತ್ರ. ಈಗ ಸೈನ್ಯದ ಜೊತೆ ನ್ಯೂಯಾರ್ಕ್ ಕಡೆ ಹೋಗಿದ್ದಾನೆ. ಅವನಿಗೆ ಅಂಗಿ ಹೊಲಿಯಲು ಮನೆಯಲ್ಲಿ ಬೇರೆ ಬಟ್ಟೆ ಇರಲಿಲ್ಲ. ಪಾದ್ರಿಗಳ ಮನೆಯಲ್ಲಿ ನೀನು ನೂತ ನೂಲಿನಿಂದ ನೇಯ್ದ ಹಾಸುಬಟ್ಟೆ ಇತ್ತಲ್ಲ, ಅದನ್ನೇ ಕತ್ತರಿಸಿದೆ. ಸುಂಕ ಬೇಡ ಎಂದು ನಗುನಗುತ್ತ ನೂತ ನೂಲು, ಎಂಟು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದು, ಎದ್ದು ಯುದ್ಧಕ್ಕೆ ಹೋಯಿತು. ನೀನು ಕಡಲಾಚೆ, ರಾಜನ ಕೈಯಲ್ಲೇ ಉಳಿದ ಹ್ಯಾಲಿಫ್ಯಾಕ್ಸ್‌ನಲ್ಲಿದ್ದೀ, ನಿನ್ನ ನೂಲು ರಾಜನ ಎದುರು ನಿಂತಿದೆ. ಇದನ್ನೆಲ್ಲ ಯಾರು ಹೆಣೆಯುತ್ತಿದ್ದಾರೆ? ನಾನು ಹಳ್ಳಿ ಶಾಲೆಯಲ್ಲಿ ಓದಿದವಳು, ನನಗೆ ತಿಳಿಯುವುದಿಲ್ಲ. ತಲೆ ಬಾಗಿಸಿ ಕೂತುಕೊಳ್ಳುತ್ತೇನೆ.

ಇವತ್ತಿಗೆ ಸರಿಯಾಗಿ ಎರಡು ತಿಂಗಳ ಹಿಂದೆ ರಾಜನ ಹಡಗುಗಳು ನಿಮ್ಮಿಬ್ಬರನ್ನೂ ಹತ್ತಿಸಿಕೊಂಡು ಬಾಸ್ಟನ್ ಬಿಟ್ಟವು. ಊರಲ್ಲಿ ಸಿಡುಬು ಇತ್ತು, ನನಗೆ ಚಿಕ್ಕಂದಿನಲ್ಲೇ ಬಂದು ಹೋಗಿದ್ದರಿಂದ ಒಳಗೆ ಬಿಟ್ಟರು. ನಿನ್ನ ಮನೆಯ ಬಾಗಿಲು ತೆರೆದೇ ಇತ್ತು. ಬೋಗುಣಿಯಲ್ಲಿ ಕಲಸಿದ ಹಿಟ್ಟು ಹಾಗೇ ಒಣಗಿ ಕಲ್ಲಾಗಿತ್ತು, ಅದರ ಮೇಲೆ ನಿನ್ನ ಬೆರಳಿನ ಗುರುತು. ನನ್ನ ಬೆರಳುಗಳನ್ನು ಅದರಲ್ಲಿಟ್ಟು ನೋಡಿದೆ. ಕೂತು ಅತ್ತೆ. ರೊಟ್ಟಿ ಸುಡುವಷ್ಟು ಹೊತ್ತೂ ನಿನಗೆ ಸಿಗಲಿಲ್ಲವಲ್ಲ.

ಕೊಟ್ಟ ಮಾತು ಉಳಿಸಿಕೊಂಡದ್ದು ಸರಿ ಎಂದು ನಾನು ಪಾದ್ರಿಗಳ ಮುಂದೆ ಹೇಳಬಲ್ಲೆ. ಅಮ್ಮನ ಹಾಸಿಗೆಯ ಮುಂದೆ ನಿಂತು ಹೇಳಲಾರೆ. ಸಹಿ ಹಾಕಿದ ಉಳಿದ ಅರವತ್ತೊಂದು ಮನೆಗಳಲ್ಲಿ ಏನೇನು ನಡೆಯಿತೋ, ಯಾರೂ ಬಾಯಿ ಬಿಟ್ಟಿಲ್ಲ. ಬೆಳಿಗ್ಗೆ ಹೊಗೆಯಿಲ್ಲದ ಆ ಮನೆಗಳನ್ನು ನೋಡುತ್ತ ನಿಂತಾಗ ಅದನ್ನೇ ಯೋಚಿಸಿದೆ. ನಾಳೆ ಇದು ಒಂದು ದೇಶವಾದರೆ, ಅದರ ಅಡಿಯಲ್ಲಿ ನಮ್ಮಮ್ಮ ಕುಡಿಯದ ಆ ಒಂದು ಬಟ್ಟಲೂ ಇರುತ್ತದೆ. ಅದು ಯಾರಿಗೂ ಗೊತ್ತಾಗುವುದಿಲ್ಲ. ನಿನಗೆ ಗೊತ್ತಿರಲಿ.

ಈಗ ಹೇಳುತ್ತೇನೆ. ನಿನ್ನ ಭಾವನಿಗೆ ನಾನು ಹೂಂ ಅಂದೆ. "ಎತ್ತಿ. ಆದ್ರೆ ಸೋಮವಾರಕ್ಕೆ ಮೊದ್ಲು ನಾನು ಅವಳಿಗೆ ನಿಜ ಬರೀಬೇಕು" ಎಂದೆ. ಅವರು ಜೀನು ಕೆಳಗಿಟ್ಟು ಹೋಗಿ ಶಾಯಿ ಕಲಸಿ ತಂದರು. ನಿನ್ನನ್ನು ಪರದೇಶಿ ಮಾಡುವ ಕೈ ಅವರದಲ್ಲ ಹುಲ್ಡಾ, ನನ್ನದು. ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಡಬ್ಬಿ ಇನ್ನೂ ಅಮ್ಮನ ಪೆಟ್ಟಿಗೆಯಲ್ಲಿದೆ. ಮುಚ್ಚಳ ತೆಗೆದಿಲ್ಲ. ಚಹಾ ಸುಡಲು ಊರಿನವರು ಬಂದಾಗಲೂ ಕೊಡಲಿಲ್ಲ. ಈ ಗದ್ದಲ ಒಂದು ದಿನ ಮುಗಿಯುತ್ತದೆ, ಯಾರು ಗೆದ್ದರೂ. ಆಗ ನೀನು ಬಾ. ಗಡಿ ದಾಟಿ ಬರಬೇಕಾದರೆ ದಾಟಿ ಬಾ. ನೀರು ನಾನು ಕಾಯಿಸುತ್ತೇನೆ, ಅಮ್ಮನ ಬಟ್ಟಲಲ್ಲಿ ನೀನು ಕುಡಿ. ನಾನು ಪಕ್ಕದಲ್ಲಿ ಕೂತು ಮೂಸುತ್ತೇನೆ. ಅದಕ್ಕೆ ತೆರಿಗೆ ಇಲ್ಲವಂತೆ, ಅಮ್ಮ ಹೇಳಿದ್ದಾಳೆ.

ಗಂಟೆ ಹೊಡೆಯುತ್ತಿದೆ, ಮಂದಿರಕ್ಕೆ ಹೊರಟೆ. ಹ್ಯಾಲಿಫ್ಯಾಕ್ಸ್‌ನ ಚಳಿಯಲ್ಲಿ ಕರ್ತನು ನಿನ್ನನ್ನೂ ಗಿಲ್ಬರ್ಟ್‌ರನ್ನೂ ತನ್ನ ರೆಕ್ಕೆಯ ಕೆಳಗೆ ಇಟ್ಟುಕೊಳ್ಳಲಿ. ಯಾವ ದೇಶದವಳಾದರೂ ನೀನು ನನ್ನ ತಂಗಿಯೇ.

ನಿನ್ನ ಅಕ್ಕ,
ಕೆಜಾಯಾ

ಈ ಕಾಗದ ಒಯ್ಯುವ ಮೀನುದೋಣಿಯ ಪೆಲೆಗ್ ಅಣ್ಣನವರಿಗೆ: ಇದನ್ನು ಅವಳ ಕೈಗೇ ಕೊಡಿ. ಕೊಟ್ಟ ತಕ್ಷಣ ಹೊರಟುಬಿಡಬೇಡಿ. ಅವಳು ಓದಲಿ, ಅಳುವುದಿದ್ದರೆ ಅಳಲಿ, ಬಯ್ಯುವುದಿದ್ದರೆ ನನ್ನ ಪರವಾಗಿ ನೀವೇ ಬೈಸಿಕೊಳ್ಳಿ. ಆಮೇಲೆ ಅವಳ ಉತ್ತರ ತೆಗೆದುಕೊಂಡು ಬನ್ನಿ. ಒಂದೇ ಸಾಲಾದರೂ ತನ್ನಿ. ಏನೂ ಬರೆಯದೆ ಬರೀ ಕಾಗದ ಮಡಿಸಿ ಕೊಟ್ಟರೆ, ಅದನ್ನೂ ತನ್ನಿ.