ಎಳ್ಳ ಅಮವಾಸ್ಯೆಯಂದು ನೀನು ನಿಂತೇ ಉಂಡೆ

ಮೊರಬ
೧೨ ಜನವರಿ ೨೦೨೬, ಸೋಮವಾರ

ನನ್ನ ದಾನೂ,

ಅವ್ವನ ಆಶೀರ್ವಾದ. ಇಲ್ಲಿ ನಾವೆಲ್ಲ ಆರಾಮ, ಅಲ್ಲಿ ನೀನೂ ಆರಾಮ ಇದ್ದೀಯೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ನಾನು ನಂಬಿಲ್ಲ. ಅದಕ್ಕೇ ಫೋನು ಬಿಟ್ಟು ಕಾಗದ ಹಿಡಿದು ಕೂತಿದ್ದೇನೆ. ಫೋನಿನಲ್ಲಿ ನಾನು ಎರಡನೇ ಪ್ರಶ್ನೆ ಕೇಳುವ ಹೊತ್ತಿಗೆ ಸರಿಯಾಗಿ ನಿಮ್ಮ ಬೆಳಗಾವಿಯ ಕ್ರೀಡಾ ಹಾಸ್ಟೆಲ್ಲಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ಮೇಲಾಗಿ ನಿಮ್ಮಪ್ಪ ಸ್ಪೀಕರ್ ಹಾಕಿಕೊಂಡೇ ಮಾತಾಡುವವರು. ಈ ವಿಷಯ ಅವರ ಕಿವಿಗೆ ಈಗಲೇ ಬೀಳುವುದು ಬೇಡ. ನಮ್ಮೂರ ಮುನಾಫ್ ಟೆಂಪೋದಲ್ಲಿ ಮೆಣಸಿನಕಾಯಿ ಹೇರಿಕೊಂಡು ನಾಳೆ ಬೆಳಗಾವಿಗೆ ಬರುವವನಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನಿಗೆ, ಇದನ್ನು ದಾನೂನ ಕೋಣೆಯ ಗೆಳತಿ ನಾಜಿಮಾಳ ಕೈಗೆ ಕೊಡಬೇಡ, ದಾನೇಶ್ವರಿಯನ್ನೇ ಹೊರಗೆ ಕರೆಸು, ಅವಳು ನಡೆದು ಬರುವುದನ್ನು ನೋಡಿಕೊಂಡು ಬಂದು ನನಗೆ ಹೇಳು ಎಂದು ಹೇಳಿಟ್ಟಿದ್ದೇನೆ.

ಹೋದ ಜುಲೈ ನೆನಪಿದೆಯೇ? ಫುಟ್‌ಬಾಲಿನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಥಾಯ್ಲೆಂಡಿಗೇ ಹೋಗಿ ಅವರನ್ನೇ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿದ ದಿನ. ನಾನು ರೊಟ್ಟಿ ಬಡಿಯುತ್ತಿದ್ದೆ. ನೀನು ಫೋನು ಮಾಡಿ, "ಯವ್ವಾ, ಗೆದ್ವಿ ಬೇ! ಆಸ್ಟ್ರೇಲಿಯಾಕ್ಕ ಹೊಂಟೀವಿ!" ಎಂದು ಕಿರುಚಿದೆ, ನೀನೇ ಹೊರಟು ನಿಂತವಳ ಹಾಗೆ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಆಗಸ್ಟಿನಲ್ಲಿ ಇಪ್ಪತ್ತರೊಳಗಿನವರ ತಂಡ ಗೆದ್ದಾಗಲೂ ಇದೇ ಕಿರುಚಾಟ. ನಿನ್ನ ಕಾಟಕ್ಕೆ ನಾನೂ ಮೊಬೈಲಿನಲ್ಲಿ ಇವನ್ನೆಲ್ಲ ನೋಡುವುದು ಕಲಿತೆ. ಮಾರ್ಚಿನಲ್ಲಿ ನಮ್ಮವರ ಗುಂಪಿನಲ್ಲಿ ಜಪಾನ್ ಇದೆ, ವಿಯೆಟ್ನಾಂ ಇದೆ ಎನ್ನುವುದೂ ನನಗೀಗ ಗೊತ್ತು. ಆದರೆ ಅಕ್ಟೋಬರಿನಲ್ಲಿ ಹದಿನೇಳರೊಳಗಿನ ಹುಡುಗಿಯರು, ನಿನ್ನ ಓರಗೆಯವರು, ಉಜ್ಬೆಕಿಸ್ತಾನವನ್ನು ಸೋಲಿಸಿದ ಸುದ್ದಿಯನ್ನು ನಾನೇ ನಿನಗೆ ಹೇಳಬೇಕಾಯಿತು. ನೀನು "ಹೌದಾ?" ಎಂದೆ. ಅಷ್ಟೇ. ಒಂದೇ ವರ್ಷದಲ್ಲಿ ಮೂರು ತಂಡ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿವೆ, ನನ್ನ ಮಗಳಿಗೆ ಅದು ಬೇಡವಾದ ಸುದ್ದಿ! ಅಂದೇ ನನ್ನ ಕಿವಿ ನೆಟ್ಟಗಾದವು.

ಮೊದಲು ಬಂದ ಸಂಶಯವೇ ಬೇರೆ. ಹದಿನೇಳರ ಹುಡುಗಿ ತನಗೆ ಜೀವವಾಗಿದ್ದ ಆಟದ ಬಗ್ಗೆ ಹೀಗೆ ಮಾತಾಡಿದರೆ ತಾಯಿಯಾದವಳು ಏನು ತಿಳಿಯಬೇಕು? ಯಾರೋ ಒಬ್ಬ ಗಂಟುಬಿದ್ದಿದ್ದಾನೆ ಎಂದುಕೊಂಡೆ. ದೀಪಾವಳಿಗೆ ಕ್ಯಾಂಪಿದೆ ಎಂದು ನೀನು ಬರಲಿಲ್ಲ. ಸಂಶಯ ಇನ್ನಷ್ಟು ಬಲವಾಯಿತು. ಎಳ್ಳ ಅಮವಾಸ್ಯೆಗೆ ಬಂದೆಯಲ್ಲ, ನೀನು ಬಚ್ಚಲಿಗೆ ಹೋದದ್ದೇ ತಡ, ನಿನ್ನ ಚೀಲ ಜಾಲಾಡಿದೆ. ತಪ್ಪೆನ್ನು, ಬಿಡು, ಮಾಡಿದ್ದು ಹೌದು. ಹುಡುಗನ ಫೋಟೋ ಸಿಗಲಿಲ್ಲ, ಚೀಟಿ ಸಿಗಲಿಲ್ಲ. ಓಢಣಿಯಲ್ಲಿ ಸುತ್ತಿಟ್ಟ ಮೊಣಕಾಲಿನ ಪಟ್ಟಿ ಸಿಕ್ಕಿತು. ಹಿಂಡಿ ಹಿಂಡಿ ಚಪ್ಪಟೆಯಾದ ನೋವಿನ ಮುಲಾಮಿನ ಟ್ಯೂಬು ಸಿಕ್ಕಿತು. ನಿಜ ಹೇಳಲೇ? ಹುಡುಗನೇ ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆದರೂ ಬಾಯಿ ಬಿಡಲಿಲ್ಲ. ಹೊಲಕ್ಕೆ ಹೋದ ಮೇಲೆ ನೋಡೋಣ ಎಂದು ಕಾದೆ. ಐದನೇ ತರಗತಿಯಿಂದ ಪ್ರತಿ ವರ್ಷ ಭೂಮಿತಾಯಿಗೆ ಎಡೆಯಾಗಿ ಚೆಲ್ಲುವ ಚರಗದ ಬುಟ್ಟಿ ನಿನ್ನದೇ. ನೀನು ಅನ್ನ ಕಡುಬು ಚೆಲ್ಲುತ್ತ ಬೆಳೆಯ ಅಂಚಿಗೆ ಓಡುವುದು, ನಾನು ನೀರು ಚಿಮುಕಿಸುತ್ತ ನಿನ್ನ ಹಿಂದೆ, ಎಂದೋ ಎತ್ತು ಒದ್ದ ಈ ಕಾಲು ಎಳೆದುಕೊಂಡು ಬರುವುದು, "ಸಾವಕಾಶ ಹೋಗs ಹುಡಿಗಿ" ಎಂದು ಬೈಯುವುದು. ಈ ಸಲ ನೀನು ಬುಟ್ಟಿಯನ್ನು ಗೌರೀಶ ಕಾಕಾನ ಕೈಗೆ ಕೊಟ್ಟು, "ನೀನs ಚೆಲ್ಲಿ ಬಾ ಕಾಕಾ, ಕರಿಮಣ್ಣು ಬೂಟಿಗೆ ಹತ್ತತೈತಿ" ಎಂದೆ. ಕರಿಮಣ್ಣಿನಲ್ಲೇ ಬೆಳೆದವಳು ಆಡುವ ಮಾತೇ ಇದು? ಆಮೇಲೆ ನಾವೆಲ್ಲ ಬನ್ನಿಗಿಡದ ಕೆಳಗೆ ಕೂತು ಉಂಡೆವು. ನೀನು ಪ್ಯಾಂಟು ಬಿಗಿ ಎಂದು ನೆಪ ಹೇಳಿ ಗಿಡಕ್ಕೆ ಒರಗಿ ನಿಂತೇ ಉಂಡೆ. ಕಾಕಾ ನಕ್ಕರು, ಅಪ್ಪ ನಕ್ಕರು. ನಾನು ನಿನ್ನ ಕಾಲನ್ನೇ ನೋಡುತ್ತಿದ್ದೆ. ಮರುದಿನ ಬಸ್ಸು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಬಲಗಾಲನ್ನೇ ಮೊದಲು ಇಟ್ಟೆ. ಅಂದರೆ ನೋವಿರುವುದು ಎಡಗಾಲಿಗೆ. ಸರಿಯೇ?

ಸುಳ್ಳು ಹೇಳುವವರನ್ನು ಕಂಡರೆ ನನಗಾಗುವುದಿಲ್ಲ ಎಂದು ನಿನಗೆ ಗೊತ್ತು. ಆದರೂ ನಾನೂ ಒಂದು ಸುಳ್ಳು ಹೇಳಿದೆ. ನಿನ್ನೆ ನಾಜಿಮಾಳಿಗೆ ಫೋನು ಮಾಡಿ, ದಾನೂನ ಆಟದ ಬೂಟು ಹರಿದಿವೆಯಂತೆ, ಹುಬ್ಬಳ್ಳಿಯಲ್ಲಿ ಹೊಸವು ತರುತ್ತೇನೆ, ಅಳತೆ ಹೇಳವ್ವಾ ಎಂದೆ. ಪಾಪದ ಹುಡುಗಿ, "ಯಾಕ್ರಿ ಆಂಟಿ, ಬೂಟ ಹೊಸಾವ ಅದಾವ್ರಿ. ದಸರಾ ಆದಾಗಿಂದ ಅಕಿ ಹಾಕ್ಕೊಂಡs ಇಲ್ಲ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಆಮೇಲೆ ಅವಳಿಗೂ ನೆಟ್‌ವರ್ಕ್ ಹೋಯಿತು. ಅವಳನ್ನು ಬೈಯಬೇಡ. ಮೂರು ತಿಂಗಳು ನಿನ್ನ ಗುಟ್ಟು ಹೊತ್ತು ಅವಳೂ ಸಾಕಾಗಿದ್ದಾಳೆ.

ಈಗ ಮುಖ್ಯ ಮಾತು. ಇಪ್ಪತ್ತೈದನೇ ತಾರೀಖು ಭಾನುವಾರ ರಾಜ್ಯ ತಂಡದ ಆಯ್ಕೆಯಿದೆ. ನಿನ್ನ ಲೆಕ್ಕ ಏನೆಂದು ನಾನು ಬಲ್ಲೆ. ಅಲ್ಲಿಯವರೆಗೆ ಕಾಲಿಗೆ ವಿಶ್ರಾಂತಿ ಕೊಟ್ಟು, ಆ ದಿನ ಪಟ್ಟಿ ಬಿಗಿದು, ಮಾತ್ರೆ ನುಂಗಿ, ಒಂದೇ ಒಂದು ದಿನ ಓಡಿಬಿಡುವುದು. ಕೋಚ್ ಮೇಡಂಗೆ ಹೊಟ್ಟೆನೋವು, ತಲೆನೋವು ಎಂದು ಏನೇನು ಹೇಳಿ ದಾಟಿಸಿದ್ದೀಯೋ ನನಗೆ ಗೊತ್ತಿಲ್ಲ. ಮೊಣಕಾಲೆಂದು ಹೇಳಿಲ್ಲ, ಅದು ಖಾತ್ರಿ. ಮೊಬೈಲಿನಲ್ಲಿ ನೋಡಿದೆ, ಈ ಆಟದಲ್ಲಿ ಹುಡುಗರಿಗಿಂತ ಹುಡುಗಿಯರಿಗೇ ಮೊಣಕಾಲೊಳಗಿನ ಕಟ್ಟು, ಲಿಗಮೆಂಟ್ ಅನ್ನುತ್ತಾರಲ್ಲ, ಅದು ಹರಿಯುವುದು ಹೆಚ್ಚಂತೆ. ಜಗತ್ತಿಗೇ ಮೊದಲನೆಯವಳು ಅನ್ನಿಸಿಕೊಂಡ ಸ್ಪೇನಿನ ಆಟಗಾರ್ತಿಗೂ ಹರಿದಿತ್ತಂತೆ. ಆಪರೇಶನ್ ಮಾಡಿಸಿಕೊಂಡು ಎಷ್ಟೋ ತಿಂಗಳು ಮನೆಯಲ್ಲಿ ಕೂತು, ಮತ್ತೆ ಮೈದಾನಕ್ಕೆ ಇಳಿದಳಂತೆ. ಅವಳು ಕೂತಳು ದಾನೂ. ಮುಚ್ಚಿಟ್ಟುಕೊಂಡು ಓಡಲಿಲ್ಲ.

ನಿನ್ನ ಹೆದರಿಕೆಯೂ ನನಗೆ ತಿಳಿಯುತ್ತದೆ. ಹಾಸ್ಟೆಲ್ಲಿಗೆ ಬಿಡುವ ದಿನ ನಿಮ್ಮಪ್ಪ, "ಕಾಲ ಮುರಕೊಂಡ ಬಂದಿ ಅಂದ್ರ ಮತ್ತ ಮನ್ಯಾಗs ಕುಂಡ್ರೂದು ನೋಡವಾ" ಎಂದದ್ದನ್ನು ನೀನು ಗಟ್ಟಿ ಹಿಡಿದಿದ್ದೀ. ಅದು ಬಸ್‌ಸ್ಟ್ಯಾಂಡಿನಲ್ಲಿ ಅಳು ತಡೆಯಲು ಆಡಿದ ಮಾತು. ಅವರು ಹಟಕ್ಕೆ ಬಿದ್ದರೆ ನಾನಿದ್ದೇನೆ. ನಿನ್ನ ಆಟ ನಿಲ್ಲಿಸುವ ಮಾತು ಈ ಮನೆಯಲ್ಲಿ ಯಾರ ಬಾಯಿಂದಲೂ ಬರಲು ಬಿಡುವುದಿಲ್ಲ.

ಸಂಕ್ರಮಣ ಮುಗಿಸಿ ಶುಕ್ರವಾರ ಬರುತ್ತೇನೆ. ಮಗಳಿಗೆ ಸಜ್ಜೆರೊಟ್ಟಿ ಕೊಟ್ಟು ಬರುತ್ತೇನೆಂದು ಅಪ್ಪನಿಗೆ ಹೇಳಿದ್ದೇನೆ. ಮೊದಲು ಮೇಡಂ ಹತ್ತಿರ ಹೋಗೋಣ, ನೀನೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹುಬ್ಬಳ್ಳಿಗೆ ಕರೆದುಕೊಂಡು ಬಂದು ಸ್ಕ್ಯಾನ್ ಮಾಡಿಸುತ್ತೇನೆ. ಈ ಸಲದ ಆಯ್ಕೆ ಹೋಗುತ್ತದೆ. ಹೋಗಲಿ. ಇದನ್ನು ಬರೆಯುವಾಗ ನನಗೂ ಅಳು ಬಂತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ನಿನ್ನ ಮೇಲೆ ಸಂಶಯವನ್ನೂ ಜೀವವನ್ನೂ ಒಟ್ಟಿಗೇ ಇಟ್ಟಿರುವ
ನಿನ್ನ ಅವ್ವ,
ಶಾರದವ್ವ

ತಾ.ಕ.: ಎತ್ತು ನನಗೆ ಒದ್ದಿಲ್ಲ. ಆ ಬಡಪಾಯಿಯ ಮೇಲೆ ಇಪ್ಪತ್ತು ವರ್ಷ ಸುಮ್ಮನೆ ಅಪವಾದ ಹೊರಿಸಿದ್ದೇನೆ. ಹತ್ತನೇ ತರಗತಿಯಲ್ಲಿದ್ದಾಗ ಅಣ್ಣಿಗೇರಿಯಲ್ಲಿ ತಾಲ್ಲೂಕು ಖೋ-ಖೋ ಪಂದ್ಯದಲ್ಲಿ ಕಂಬ ಸುತ್ತುವಾಗ ಮೊಣಕಾಲು ಹೊರಳಿತು. ನಾನು ಖೋ-ಖೋ ಆಡುತ್ತಿದ್ದೆ ಎನ್ನುವುದೇ ನಿನಗೆ ಗೊತ್ತಿಲ್ಲ, ನಿಮ್ಮಪ್ಪನಿಗೂ ಗೊತ್ತಿಲ್ಲ. ಆಟ ಬಿಡಿಸುತ್ತಾರೆಂದು ಯಾರಿಗೂ ಹೇಳಲಿಲ್ಲ. ಮರುವಾರ ಬಟ್ಟೆ ಬಿಗಿದುಕೊಂಡು ಮತ್ತೆ ಆಡಿದೆ. ಅದೇ ಕೊನೆಯ ಆಟವಾಯಿತು. ಕನ್ಯೆ ನೋಡಲು ನಿಮ್ಮಪ್ಪನ ಕಡೆಯವರು ಬಂದಾಗ ಸೀರೆಯೊಳಗೆ ಅದೇ ಬಟ್ಟೆ ಬಿಗಿದು ಒಂಬತ್ತು ಮಂದಿಯ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದೆ. ಕಾಲು ನೊಂದ ಆ ವರ್ಷದ ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ನಾನೂ ನಿಂತೇ ಉಂಡೆ. ಯಾಕೆಂದು ನಮ್ಮವ್ವ ಒಮ್ಮೆ ಕೇಳಿದಳು, ಏನಿಲ್ಲ ಎಂದೆ. ಅವಳು ಎರಡನೇ ಸಲ ಕೇಳಲಿಲ್ಲ.

ಶುಕ್ರವಾರ ನನ್ನನ್ನು ಕರೆಯಲು ಬಸ್‌ಸ್ಟ್ಯಾಂಡಿಗೆ ಬರಬೇಡ. ಕೋಣೆಯಲ್ಲೇ ಕೂತಿರು.